ರಕ್ತ ಕ್ಯಾನ್ಸರ್: ಹೊಸ ಸಂಶೋಧನೆ ಯಾರಿಗೆ, ದಿನದ ಮಾತ್ರೆ ಯಾರಿಗೆ

‘ಬ್ಲಡ್ ಕ್ಯಾನ್ಸರಿಗೆ ಹೊಸ ಟ್ರೀಟ್‌ಮೆಂಟ್ ಬಂದಿದೆಯಂತಲ್ಲ ಡಾಕ್ಟ್ರೇ, ನಮ್ಮಪ್ಪನಿಗೂ ಅದನ್ನೇ ಕೊಡಿ’ ಎಂದು ಮೊಬೈಲ್ ಮುಂದೆ ಹಿಡಿಯುವವರು ಕೋಲಾರ, ಚಿಂತಾಮಣಿ, ಶಿರಾ ಕಡೆಯಿಂದ ಈಗ ತುಂಬಾ ಜನ ಬರುತ್ತಾರೆ. ಅವರು ಓದಿದ ಸುದ್ದಿ ಹೆಚ್ಚಾಗಿ ನಿಜವೇ ಆಗಿರುತ್ತದೆ. ಆದರೆ ಅದು ಅವರ ಅಪ್ಪನ ಕಾಯಿಲೆಯ ಸುದ್ದಿಯೇ ಎಂದು ಮೊದಲು ನೋಡಬೇಕು. ರಕ್ತ ಕ್ಯಾನ್ಸರ್ ಒಂದೇ ಕಾಯಿಲೆಯಲ್ಲ. ಲ್ಯುಕೇಮಿಯಾ, ಲಿಂಫೋಮಾ, ಮೈಲೋಮಾ ಬೇರೆ ಬೇರೆ, ಅವುಗಳೊಳಗೂ ಹತ್ತಾರು ಬಗೆ. ಫೈಲ್ ತೆಗೆದು ರಿಪೋರ್ಟಿನಲ್ಲಿರುವ ಪೂರ್ತಿ ಹೆಸರು ಓದಿ, ಆಮೇಲೆ ಸುದ್ದಿ ಓದಿ.

ಇಲ್ಲಿ ಹೆಚ್ಚು ಹೇಳಬೇಕಿರುವುದು ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಸಿಎಂಎಲ್ ಬಗ್ಗೆ. ಸಂಶೋಧನೆಯಿಂದ ರೋಗಿಯ ಬದುಕು ಪೂರ್ತಿ ಬದಲಾಗಿದ್ದು ಇದರಲ್ಲಿ. ಆ ಲಾಭ ಕೈತಪ್ಪಿ ಹೋಗುತ್ತಿರುವುದೂ ಇದರಲ್ಲೇ. ಸುಸ್ತು, ಎಡ ಪಕ್ಕೆಯ ಕೆಳಗೆ ಭಾರ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು ಇದರ ಸಾಮಾನ್ಯ ಲಕ್ಷಣಗಳು. ಗುಲ್ಮ ಊದಿರುತ್ತದೆ. ನಾಲ್ಕರಿಂದ ಹನ್ನೊಂದು ಸಾವಿರ ಇರಬೇಕಾದ ಬಿಳಿ ರಕ್ತಕಣ ಎಷ್ಟೋ ಸಲ ಲಕ್ಷ ದಾಟಿರುತ್ತದೆ. 9 ಮತ್ತು 22ನೇ ಕ್ರೋಮೋಸೋಮುಗಳ ತುಂಡುಗಳು ಅದಲುಬದಲಾಗಿ ಬಿಸಿಆರ್-ಎಬಿಎಲ್ ಎಂಬ ತಪ್ಪು ಜೀನ್ ಹುಟ್ಟುವುದೇ ಇದಕ್ಕೆ ಕಾರಣ. ಇದು ತಂದೆತಾಯಿಯಿಂದ ಬರುವುದಲ್ಲ, ಮಕ್ಕಳಿಗೆ ಹೋಗುವುದೂ ಅಲ್ಲ.

ಆ ಜೀನ್ ತಯಾರಿಸುವ ಪ್ರೋಟೀನನ್ನೇ ತಡೆಯುವ ಇಮಾಟಿನಿಬ್ ಮಾತ್ರೆಗೆ ಅಮೆರಿಕದಲ್ಲಿ 2001ರಲ್ಲಿ ಅನುಮತಿ ಸಿಕ್ಕಿತು. ಮೂಲ ಕಂಪನಿಯ ಮಾತ್ರೆಗೆ ಆಗ ತಿಂಗಳಿಗೆ ಲಕ್ಷ ರೂಪಾಯಿಗೂ ಮೇಲೆ ಬೇಕಿತ್ತು. ಪೇಟೆಂಟ್ ಕೇಳಿದ್ದ ಆ ಮೂಲ ಕಂಪನಿ ನೋವಾರ್ಟಿಸ್‌ನ ಅರ್ಜಿಯನ್ನು ನಮ್ಮ ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಳ್ಳಿಹಾಕಿತು. ಬೇರೆ ಕಂಪನಿಗಳು ಅದೇ ಔಷಧಿಯಿಂದ ಮಾಡುವ ಅಗ್ಗದ ಜೆನೆರಿಕ್ ಮಾತ್ರೆಗಳು ಉಳಿದುಕೊಂಡವು. ಹಿಂದೆ ಸಿಎಂಎಲ್ ಬಂದವರಲ್ಲಿ ಹೆಚ್ಚಿನವರು ಐದಾರು ವರ್ಷಕ್ಕಿಂತ ಹೆಚ್ಚು ಬದುಕುತ್ತಿರಲಿಲ್ಲ. ಈಗ ಆರಂಭದ ಹಂತದಲ್ಲೇ ಪತ್ತೆಯಾಗಿ, ಮಾತ್ರೆಗೆ ಚೆನ್ನಾಗಿ ಸ್ಪಂದಿಸಿದವರ ಆಯಸ್ಸು ಓರಗೆಯವರ ಆಯಸ್ಸಿಗೆ ಬಹಳ ಹತ್ತಿರವಿದೆ.

ಸಾಮಾನ್ಯ ಪ್ರಮಾಣ ದಿನಕ್ಕೆ 400 ಮಿಲಿಗ್ರಾಂ, ಒಂದೇ ಸಲ. ದಿನದ ದೊಡ್ಡ ಊಟದ ಜೊತೆಯೋ ಊಟ ಆದ ತಕ್ಷಣವೋ ದೊಡ್ಡ ಲೋಟದ ತುಂಬಾ ನೀರು ಕುಡಿದು ನುಂಗಬೇಕು, ಕೂಡಲೇ ಮಲಗಬಾರದು. ಬರಿಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುವುದು ಹೆಚ್ಚು. ಮಾತ್ರೆ ಬಿಡಲು ಅದೇ ಮೊದಲ ಕಾರಣವಾಗುತ್ತದೆ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ. ಬೆಳಿಗ್ಗೆ ಕಣ್ಣಿನ ಸುತ್ತ ಊತ, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಮೈಬಣ್ಣ ತಿಳಿಯಾಗುವುದು, ಇವೆಲ್ಲ ಈ ಮಾತ್ರೆಯ ಪರಿಣಾಮಗಳೇ. ಮುಖ ಬೆಳ್ಳಗಾಗುತ್ತಿದೆ, ತೊನ್ನಿರಬೇಕು ಎಂದು ಹೆದರಿ ಮಾತ್ರೆ ನಿಲ್ಲಿಸುವ ಹೆಣ್ಣುಮಕ್ಕಳಿದ್ದಾರೆ. ಅದು ತೊನ್ನಲ್ಲ, ಹೆದರಬೇಕಿಲ್ಲ. ವಾರದಲ್ಲಿ ಎರಡು ಮೂರು ಕಿಲೋ ತೂಕ ಏರಿದರೆ ಅಥವಾ ಉಸಿರು ಕಟ್ಟಿದರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ ಬನ್ನಿ.

ಬೇರೆ ಔಷಧಿಗಳ ವಿಚಾರದಲ್ಲೂ ಎಚ್ಚರ ಬೇಕು. ಟಿಬಿಗೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟಾಯಿನ್ ಇಮಾಟಿನಿಬ್‌ನ ಮಟ್ಟವನ್ನು ರಕ್ತದಲ್ಲಿ ಇಳಿಸಿಬಿಡುತ್ತವೆ. ಕ್ಲಾರಿಥ್ರೋಮೈಸಿನ್, ಇಟ್ರಾಕೊನಜೋಲ್ ಏರಿಸುತ್ತವೆ. ಊರಿನ ಕ್ಲಿನಿಕ್ಕಿಗೆ ಜ್ವರಕ್ಕೆಂದು ಹೋದರೂ ಈ ಮಾತ್ರೆಯ ಸ್ಟ್ರಿಪ್ ತೋರಿಸಿ. ದೇವನಹಳ್ಳಿಯ ಚಕ್ಕೋತ ಎಷ್ಟೇ ರುಚಿಯಿರಲಿ, ಮಾತ್ರೆ ನಡೆಯುವವರೆಗೆ ಬೇಡ, ಅದೂ ಮಟ್ಟ ಏರಿಸಬಹುದು; ದ್ರಾಕ್ಷಿ, ಮಾವು ತಿನ್ನಬಹುದು. ಗರ್ಭ ಧರಿಸುವ ಯೋಚನೆಯಿದ್ದರೆ ಮೊದಲೇ ಹೇಳಬೇಕು, ಗರ್ಭದಲ್ಲಿರುವ ಮಗುವಿಗೆ ಈ ಮಾತ್ರೆ ಅಪಾಯ.

ತಿಂಗಳಿಗೆ ಮೂರು ಮಾತ್ರೆ ತಪ್ಪಿದರೆ ಏನು ಮಹಾ ಎಂದು ಅನ್ನಿಸಬಹುದು. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯವರು 87 ರೋಗಿಗಳ ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ಚಿಪ್ ಇಟ್ಟು ಲೆಕ್ಕ ಹಿಡಿದು, 2010ರಲ್ಲಿ ಪ್ರಕಟಿಸಿದರು. ನೂರಕ್ಕೆ 90ಕ್ಕಿಂತ ಹೆಚ್ಚು ಮಾತ್ರೆ ನುಂಗಿದವರಲ್ಲಿ ಆರು ವರ್ಷದ ಹೊತ್ತಿಗೆ ರೋಗ ಆಳವಾಗಿ ಹತೋಟಿಗೆ ಬರುವ ಸಾಧ್ಯತೆ ನೂರಕ್ಕೆ 94ರಷ್ಟಿತ್ತು. 90 ಅಥವಾ ಅದಕ್ಕೂ ಕಡಿಮೆ ನುಂಗಿದವರಲ್ಲಿ ಬರೀ 28. ತಿಂಗಳಿಗೆ ಮೂರು ಮಾತ್ರೆ ಬಿಟ್ಟರೆ ನೀವು ಆ ಎರಡನೇ ಗುಂಪಿಗೆ ಸೇರಿದಂತೆ. ಯಾವ ಹೊಸ ಸಂಶೋಧನೆಯೂ ಈ ನಷ್ಟವನ್ನು ಸುಲಭಕ್ಕೆ ತುಂಬಿಕೊಡುವುದಿಲ್ಲ.

ನಮ್ಮ ಜಿಲ್ಲೆಗಳಲ್ಲಿ ಮಾತ್ರೆ ತಪ್ಪುವುದು ಸೋಮಾರಿತನದಿಂದಲ್ಲ. ರೇಷ್ಮೆ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಸೊಪ್ಪು ಮೇಯುವ ವಾರ ರೇಷ್ಮೆ ಮನೆಯಿಂದ ಯಾರೂ ಹೊರಗೆ ಕಾಲಿಡಲಾಗುವುದಿಲ್ಲ. ಟೊಮೆಟೊ ಕೊಯ್ಲಿನಲ್ಲೂ ಅಷ್ಟೇ. ಆ ವಾರವೇ ಮಾತ್ರೆ ಮುಗಿದರೆ ಹತ್ತು ದಿನ ಖಾಲಿ. ಚಾಕಿ ಕಟ್ಟುವ, ಅಂದರೆ ಮರಿಹುಳು ಸಾಕಲು ಶುರು ಮಾಡುವ, ದಿನ ಗೊತ್ತಿದ್ದರೆ ಮುಂಚೆಯೇ ಹೇಳಿ, ತಪಾಸಣೆಯ ತಾರೀಖು ಹಿಂದೆ ಮುಂದೆ ಮಾಡಬಹುದು. ಮನೆಯಲ್ಲಿ ಯಾವತ್ತೂ ಹದಿನೈದು ದಿನದ ಮಾತ್ರೆ ಮಿಕ್ಕಿರಲಿ. ಇನ್ನೊಂದು ತೊಡಕೂ ಇದೆ. ಕಣಗಳ ಸಂಖ್ಯೆ ತೀರಾ ಇಳಿದಾಗ, ಅಂದರೆ ನ್ಯೂಟ್ರೋಫಿಲ್ ಎಂಬ ಬಿಳಿ ಕಣ ಸಾವಿರಕ್ಕಿಂತ ಅಥವಾ ಪ್ಲೇಟ್‌ಲೆಟ್ 50,000ಕ್ಕಿಂತ ಕಡಿಮೆಯಾದಾಗ, ವೈದ್ಯರೇ ಮಾತ್ರೆ ನಿಲ್ಲಿಸುತ್ತಾರೆ. ಮತ್ತೆ ಯಾವಾಗ ಶುರು ಎಂದು ಅಲ್ಲೇ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಎರಡು ವಾರಕ್ಕೆಂದು ನಿಲ್ಲಿಸಿದ್ದು ಆರು ತಿಂಗಳಾಗಿರುವ ಫೈಲುಗಳು ನಮ್ಮ ಕೈಗೆ ಬರುತ್ತವೆ.

ಬಿಳಿ ಕಣ ಹತೋಟಿಗೆ ಬಂದ ಮಾತ್ರಕ್ಕೆ ಕಾಯಿಲೆ ಹತೋಟಿಗೆ ಬಂತೆಂದಲ್ಲ. ರಕ್ತದಲ್ಲಿ ಆ ತಪ್ಪು ಜೀನ್ ಎಷ್ಟು ಉಳಿದಿದೆ ಎಂದು ಅಳೆಯುವ ಬಿಸಿಆರ್-ಎಬಿಎಲ್ ಪಿಸಿಆರ್ ಪರೀಕ್ಷೆ ಮೂರು ತಿಂಗಳಿಗೊಮ್ಮೆ ಆಗಬೇಕು. ಮೂರನೇ ತಿಂಗಳಿಗೆ ಶೇ 10, ಆರನೇ ತಿಂಗಳಿಗೆ ಶೇ 1, ವರ್ಷಕ್ಕೆ ಶೇ 0.1 ಅಥವಾ ಅದಕ್ಕಿಂತ ಕೆಳಗೆ ಬಂದಿರಬೇಕು. ರಿಪೋರ್ಟಿನಲ್ಲಿ ಐಎಸ್ ಎಂಬ ಎರಡಕ್ಷರ ಇದೆಯೇ ನೋಡಿ. ಅದು ಅಂತರರಾಷ್ಟ್ರೀಯ ಅಳತೆಯ ಗುರುತು. ಅದಿಲ್ಲದಿದ್ದರೆ ಒಂದು ಲ್ಯಾಬಿನ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸುವಂತಿಲ್ಲ. ಸಾಧ್ಯವಾದಷ್ಟೂ ಒಂದೇ ಲ್ಯಾಬಿನಲ್ಲಿ ಮಾಡಿಸಿ. ರಕ್ತವನ್ನು ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿಗೆ ತೆಗೆಯಬೇಕು. ಹಸಿರು ಮುಚ್ಚಳದ್ದರಲ್ಲಿ ಹೆಪಾರಿನ್ ಇರುವುದರಿಂದ ಪರೀಕ್ಷೆಯೇ ಕೆಡುತ್ತದೆ. ಪರೀಕ್ಷೆಯಲ್ಲಿ ಅಳೆಯುವುದು ಆ ಜೀನಿನ ನಕಲಾದ ಆರ್‌ಎನ್‌ಎಯನ್ನು; ತೆಗೆದ ರಕ್ತದಲ್ಲಿ ಅದು ಬೇಗ ಹಾಳಾಗುತ್ತದೆ, 24 ಗಂಟೆಯೊಳಗೆ ಲ್ಯಾಬ್ ಮುಟ್ಟಿದರೆ ಒಳ್ಳೆಯದು. ಶನಿವಾರ ಸಂಜೆ ತುಮಕೂರಿನಲ್ಲಿ ಕೊಟ್ಟ ರಕ್ತ ಸೋಮವಾರ ಬೆಂಗಳೂರು ತಲುಪಿದರೆ ತಪ್ಪು ಜೀನ್ ‘ಇಲ್ಲ’ ಎಂದು ಬಂದ ಫಲಿತಾಂಶವನ್ನು ನಂಬುವುದು ಕಷ್ಟ. ಮಾದರಿ ಚೆನ್ನಾಗಿತ್ತೇ ಎಂದು ತೋರಿಸುವ ಎಬಿಎಲ್ ಪ್ರತಿಗಳ ಸಂಖ್ಯೆ ರಿಪೋರ್ಟಿನಲ್ಲಿ 10,000ಕ್ಕಿಂತ ಕಡಿಮೆ ಇದ್ದರೂ ಅದೇ ಅನುಮಾನ.

ಅಂಕಿ ಇಳಿಯದಿದ್ದರೆ ಅಥವಾ ಇಳಿದದ್ದು ಏರಿದರೆ ಮೊದಲು ಮಾತ್ರೆ ತಪ್ಪಿದೆಯೇ ಎಂದು ಕೇಳುತ್ತೇವೆ. ದಯವಿಟ್ಟು ನಿಜ ಹೇಳಿ, ಬೈಯುವುದಕ್ಕೆ ಕೇಳುವುದಲ್ಲ. ಮಾತ್ರೆ ತಪ್ಪಿಲ್ಲವಾದರೆ, ಆ ಜೀನಿನಲ್ಲಿ ಹೊಸ ಬದಲಾವಣೆ ಆಗಿದೆಯೇ ಎಂದು ನೋಡುವ ಮ್ಯುಟೇಶನ್ ಪರೀಕ್ಷೆ ಮಾಡಿಸಿ ಡಾಸಾಟಿನಿಬ್, ನಿಲೋಟಿನಿಬ್‌ನಂಥ ಮುಂದಿನ ಮಾತ್ರೆಗೆ ಹೋಗುತ್ತೇವೆ. ಟಿ315ಐ ಎಂಬ ಮ್ಯುಟೇಶನ್ ಇದ್ದರೆ ಅವೆರಡೂ ಕೆಲಸ ಮಾಡುವುದಿಲ್ಲ. ಅಂಥವರಿಗೆ ಪೊನಾಟಿನಿಬ್ ಇದೆ. 2021ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಅಸಿಮಿನಿಬ್ ಆ ಪ್ರೋಟೀನಿನ ಬೇರೆಯೇ ಜಾಗವನ್ನು ಹಿಡಿಯುತ್ತದೆ. ಸಿಎಂಎಲ್ ರೋಗಿಗಳ ಮಟ್ಟಿಗೆ ನಿಜವಾದ ಹೊಸ ಸುದ್ದಿ ಇದು.

ಮಾತ್ರೆ ನಿಲ್ಲಿಸಬಹುದೇ? ಕೆಲವರು ನಿಲ್ಲಿಸಬಹುದು. ವರ್ಷಗಟ್ಟಲೆ ಮಾತ್ರೆ ನುಂಗಿ, ಕನಿಷ್ಠ ಎರಡು ವರ್ಷ ಪಿಸಿಆರ್ ಶೇ 0.01ರ ಕೆಳಗೇ ನಿಂತವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ನಿಲ್ಲಿಸಿದ ಮೇಲೂ ಕಾಯಿಲೆ ಮರಳುವುದಿಲ್ಲ. ಮರಳಿದರೆ ಹೆಚ್ಚಾಗಿ ಮೊದಲ ಆರು ತಿಂಗಳಲ್ಲೇ, ಮಾತ್ರೆ ಮತ್ತೆ ಶುರು ಮಾಡಿದರೆ ಬಹುತೇಕ ಎಲ್ಲರಲ್ಲೂ ಹತೋಟಿಗೆ ಬರುತ್ತದೆ. ಆದರೆ ಆ ಆರು ತಿಂಗಳು ಪ್ರತಿ ತಿಂಗಳೂ ಪಿಸಿಆರ್ ಮಾಡಿಸಲೇಬೇಕು. ಅದಕ್ಕೆ ಹಣವೂ ಓಡಾಟವೂ ಹೊಂದಿಸಿಕೊಳ್ಳಲು ಆಗದಿದ್ದರೆ ಮಾತ್ರೆಯೇ ಕ್ಷೇಮ.

ಇನ್ನು ಮೊಬೈಲಿನಲ್ಲಿ ಓಡಾಡುವ ಕಾರ್-ಟಿ ಚಿಕಿತ್ಸೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. ರೋಗಿಯದೇ ಟಿ-ಕಣಗಳನ್ನು, ಅಂದರೆ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ಕಣಗಳನ್ನು, ತೆಗೆದು, ಸಿಡಿ19 ಗುರುತಿರುವ ಕಣಗಳನ್ನು ಕೊಲ್ಲುವಂತೆ ಲ್ಯಾಬಿನಲ್ಲಿ ಬದಲಾಯಿಸಿ, ಮತ್ತೆ ಮೈಗೆ ಏರಿಸುತ್ತಾರೆ. ಇದು ಬೇರೆ ಚಿಕಿತ್ಸೆಗೆ ಜಗ್ಗದ ಅಥವಾ ಮರುಕಳಿಸಿದ ಬಿ-ಕಣದ ಲಿಂಫೋಮಾ ಮತ್ತು ಬಿ-ಎಎಲ್‌ಎಲ್ ಎಂಬ ಬೇರೆ ಬಗೆಯ ಲ್ಯುಕೇಮಿಯಾಗೆ. ಸಿಎಂಎಲ್‌ನವರಿಗೆ ಇದು ಬೇಕಿಲ್ಲ. ಸ್ಪಂದಿಸಿದ ಎಲ್ಲರಲ್ಲೂ ಫಲ ಉಳಿಯುವುದಿಲ್ಲ, ಖರ್ಚೂ ಹತ್ತಾರು ಲಕ್ಷ. ಕಣ ಏರಿಸಿದ ಮೊದಲ ದಿನಗಳಲ್ಲಿ ಜೋರು ಜ್ವರ, ರಕ್ತದೊತ್ತಡ ಇಳಿಯುವುದು, ಗೊಂದಲದ ಮಾತು ಕಾಣಿಸಬಹುದು. ಹಾಗಾಗಿ ಐಸಿಯು ಇರುವ ದೊಡ್ಡ ಕೇಂದ್ರದಲ್ಲೇ ಆಗಬೇಕು.

ಮರುಕಳಿಸಿದ ಲಿಂಫೋಮಾ ಅಥವಾ ಬಿ-ಎಎಲ್‌ಎಲ್ ಇರುವವರು ಇದನ್ನು ವಿಚಾರಿಸಲು ಬೆಂಗಳೂರಿಗೆ ಹೊರಡುವ ಮುನ್ನ ಬಯಾಪ್ಸಿಯ ಸ್ಲೈಡು ಮತ್ತು ಬ್ಲಾಕು (ತೆಗೆದ ತುಂಡನ್ನು ಮೇಣದಲ್ಲಿ ಇಟ್ಟದ್ದು), ಸಿಡಿ19 ನಮೂದಿಸಿರುವ ರಿಪೋರ್ಟು, ಈವರೆಗೆ ಕೊಟ್ಟ ಕೀಮೋಗಳ ಹೆಸರು ಮತ್ತು ತಾರೀಖು ಜೋಡಿಸಿಕೊಳ್ಳಿ. ಬ್ಲಾಕು ಇಲ್ಲದೆ ಹೋದವರನ್ನು ಅದನ್ನು ತರಲೆಂದೇ ವಾಪಸ್ ಕಳಿಸುತ್ತಾರೆ. ಹಾಗೆ ಕಳೆಯುವ ಒಂದು ವಾರ ಈ ಕಾಯಿಲೆಯಲ್ಲಿ ಸಣ್ಣದಲ್ಲ.