ಸಾಕ್ಸಿಗೆ ಚುಚ್ಚಿಕೊಳ್ಳುವ ಈ ಹುಲ್ಲು ಯಾವುದು?

ಪ್ರಶ್ನೆ: ದೀಪಾವಳಿ ಹೊತ್ತಿಗೆ ನಮ್ಮೂರ ಕಾವಲಿನಲ್ಲಿ ನಡೆದು ಬಂದರೆ ಸಾಕ್ಸು, ಪ್ಯಾಂಟಿಗೆಲ್ಲ ಸೂಜಿಯಂಥ ಬೀಜ ಚುಚ್ಚಿಕೊಂಡಿರುತ್ತದೆ. ಇದು ಪೊರಕೆ ಕಟ್ಟುವ ಹಂಚಿಹುಲ್ಲೇ ಅಲ್ವಾ?

ಉತ್ತರ: ಹಂಚಿಯೂ ಇರಬಹುದು. ಆದರೆ ಸಾಕ್ಸು ದಾಟಿ ಚರ್ಮಕ್ಕೇ ನಾಟುತ್ತಿದ್ದರೆ ನನ್ನ ಅನುಮಾನ ಇನ್ನೊಂದರ ಮೇಲೆ. ಸಸ್ಯಶಾಸ್ತ್ರದಲ್ಲಿ ಅದು ಹೆಟೆರೊಪೋಗಾನ್ ಕಂಟಾರ್ಟಸ್. ಸುಮ್ನೆ ಊಬಿನ ಹುಲ್ಲು ಅಂದರೂ ಆಗುತ್ತದೆ, ಆದರೆ ಊಬು, ಅಂದರೆ ಬೀಜದ ತುದಿಯಲ್ಲಿರುವ ಉದ್ದನೆಯ ಬಿರುಸು ಎಳೆ, ಹಂಚಿಗೂ ಉಂಟು. ಹಾಗಾಗಿ ಹೆಸರು ಬಿಡಿ, ಊಬನ್ನೇ ನೋಡೋಣ.

ಸಾಕ್ಸಿನಿಂದ ಒಂದು ಬೀಜ ಕಿತ್ತು ಅಂಗೈ ಮೇಲೆ ಇಟ್ಟುಕೊಳ್ಳಿ. ಊಬು ಕೂದಲಿನಷ್ಟು ತೆಳ್ಳಗಿನ ಮೂರು ಎಳೆಯಾಗಿ ಕವಲೊಡೆದಿದೆಯಾ? ಹಾಗಾದರೆ ಅದು ಹಂಚಿಯ ಬಳಗ, ಅರಿಸ್ಟಿಡ. ಒಂದೇ ಊಬಿದ್ದು, ಕಡುಗಂದು ಬಣ್ಣವಿದ್ದು, ಬೆರಳುದ್ದವಿದ್ದು, ಕೆಳಭಾಗ ಹಗ್ಗದಂತೆ ಹುರಿಗೊಂಡು ಮೇಲೆ ಮಂಡಿ ಮಡಚಿದ ಹಾಗೆ ಬಾಗಿದ್ದರೆ ಹೆಟೆರೊಪೋಗಾನ್. ಕಂಟಾರ್ಟಸ್ ಅಂದರೇ ತಿರುಚಿಕೊಂಡದ್ದು. ಬೀಜದ ಬುಡದಲ್ಲಿ ಚೂಪು ಮೊನೆ, ಅದರ ಸುತ್ತ ಹಿಂದಕ್ಕೆ ಬಾಚಿದಂಥ ರೋಮ. ಅದಕ್ಕೇ ಒಳಗೆ ಹೋಗುವುದು ಸಲೀಸು, ವಾಪಸ್ ಬರುವುದು ಕಷ್ಟ.

ಇನ್ನೂ ಅನುಮಾನವಿದ್ದರೆ ಮೇಲೆ ಎರಡು ಹನಿ ನೀರು ಹಾಕಿ. ಹುರಿ ಬಿಚ್ಚಿಕೊಳ್ಳುತ್ತಾ ಊಬು ನಿಧಾನಕ್ಕೆ ತಿರುಗತೊಡಗುತ್ತದೆ. ಒಣಗಿದರೆ ಮತ್ತೆ ಹುರಿಯಾಗುತ್ತದೆ. ನೆಲದ ಮೇಲೂ ಇದೇ ಆಟ. ನೆನೆದು, ಒಣಗಿ, ಮತ್ತೆ ನೆನೆದು ಬೀಜ ಬೈರಿಗೆಯಂತೆ ಮಣ್ಣು ಕೊರೆಯುತ್ತದೆ. ಕುರಿಯ ಉಣ್ಣೆಗೆ ಸಿಕ್ಕಿದರೆ ಚರ್ಮವನ್ನೂ ಬಿಡುವುದಿಲ್ಲ. ಎಳೆಯದಿದ್ದಾಗ ಒಳ್ಳೆಯ ಮೇವು, ಊಬು ಬಲಿತ ಮೇಲೆ ಅದೇ ಹುಲ್ಲು ದನದ ಬಾಯಿಗೂ ಚುಚ್ಚುತ್ತದೆ.

ದೂರದಿಂದಲೂ ಒಂದು ಗುರುತಿದೆ. ಮೊಣಕಾಲಿನಿಂದ ಸೊಂಟದವರೆಗೆ ಬೆಳೆದ ಪೊದೆ, ತುದಿಯಲ್ಲಿ ಬಲಿತ ಊಬುಗಳೆಲ್ಲ ಒಂದಕ್ಕೊಂದು ಸುತ್ತಿಕೊಂಡು ಬಾಚದ ಜಡೆಯಂತಾಗಿರುತ್ತವೆ. ಹಂಚಿಯಲ್ಲಿ ಹೀಗೆ ಗಂಟುಗಂಟಾದ ಜಡೆ ಕಾಣದು. ಹೂ ಬಿಡುವ ಮೊದಲು ಮಾತ್ರ ಗುರುತು ಹಿಡಿಯುವುದು ಪೇಚಾಟವೇ. ಬುಡದ ಎಲೆ ಚಪ್ಪಟೆಯಾಗಿ ಮಡಚಿಕೊಂಡಿರುತ್ತದೆ ನಿಜ, ಅದೊಂದನ್ನೇ ನಂಬಿ ಹೆಸರು ಹೇಳಲು ನಾನಂತೂ ಹೋಗುವುದಿಲ್ಲ.

ಅಂದಹಾಗೆ, ಬಟ್ಟೆಯಿಂದ ತೆಗೆಯುವಾಗ ಊಬು ಹಿಡಿದು ಎಳೆಯಬೇಡಿ. ಊಬು ಮುರಿದು ಮೊನೆ ಅಲ್ಲೇ ಉಳಿಯುತ್ತದೆ. ಸಾಕ್ಸು ತಿರುವಿ ಹಾಕಿ, ಮೊನೆ ಹಿಡಿದು, ಅದು ಹೊರಟಿದ್ದ ದಿಕ್ಕಿಗೇ ಎಳೆದುಬಿಡಿ.