ಮೂರು ಬೆರಳು ನೀರಿನ ಬೀಗ

ಉಡುಪಿಯ ಕುಂಜಿಬೆಟ್ಟಿನಲ್ಲಿರುವ ನಮ್ಮ ದೊಡ್ಡಮ್ಮ ಡಿಸೆಂಬರಿನಲ್ಲಿ ಮಗನ ಮನೆಗೆಂದು ಮುಂಬಯಿಗೆ ಹೋದವರು ಮರಳಿದ್ದು ಏಪ್ರಿಲ್ ಕೊನೆಗೆ. ಬೀಗ ತೆಗೆದು ಒಳಗೆ ಕಾಲಿಟ್ಟರೆ ಮನೆಯಿಡೀ ಕೊಳೆತ ಮೊಟ್ಟೆಯ ವಾಸನೆ. ಹೆಗ್ಗಣ ಸತ್ತಿರಬಹುದೆಂದು ಅಟ್ಟ ಹುಡುಕಿಸಿದರು. ಕೆಳಗಿನ ಬಚ್ಚಲಿಗೆ ಫಿನಾಯಿಲ್ ಸುರಿದರು. ಎರಡು ದಿನ ಕಳೆದರೂ ವಾಸನೆ ಹೋಗದೆ ನನಗೆ ಫೋನ್ ಮಾಡಿದರು: "ಸೆಪ್ಟಿಕ್ ಟ್ಯಾಂಕ್ ಒಡೆದದ್ದಾ ಎಂತ ಮಗಾ, ನೀನೊಮ್ಮೆ ಬಂದು ಹೋಗು."

ಹೋಗಿ ಮಾಳಿಗೆಯ ಶೌಚಾಲಯದ ಬಾಗಿಲು ತೆಗೆದೆ. ಅದನ್ನು ಯಾರೂ ಬಳಸದೆ ತಿಂಗಳುಗಳೇ ಆಗಿದ್ದವು. ಕಮೋಡಿನ ತಳ ಒಣಗಿ ನಿಂತಿತ್ತು. ಹಿಂದೆ ನೀರು ಎಲ್ಲಿಯವರೆಗೆ ಇತ್ತೆಂಬುದಕ್ಕೆ ಒಂದು ಕಂದು ಗೆರೆ ಮಾತ್ರ ಉಳಿದಿತ್ತು. ಒಂದು ಬಕೆಟ್ ನೀರು ಹಾಕಿದೆ. ನೆಲದ ಜಾಲರಿಯ ಕೆಳಗೆ ನೀರು ನಿಲ್ಲುವ ಬಟ್ಟಲಿಗೂ, ಅಂದರೆ ನಾಹನಿ ಟ್ರ್ಯಾಪಿಗೂ, ಎರಡು ಚೊಂಬು ಸುರಿದು ಕಿಟಕಿ ತೆರೆದಿಟ್ಟೆ. ಸಂಜೆ ಕಾಫಿ ಕುಡಿಯುವ ಹೊತ್ತಿಗೆ ವಾಸನೆ ಇರಲಿಲ್ಲ.

ಕಮೋಡಿನಲ್ಲಿ ಸದಾ ನಿಂತಿರುವ ನೀರನ್ನು ನಾವು ಫ್ಲಶ್ ಆದಮೇಲೆ ಉಳಿದ ನೀರು ಎಂದುಕೊಳ್ಳುತ್ತೇವೆ. ನಿಜದಲ್ಲಿ ಅದೊಂದು ಬಾಗಿಲು. ಕಮೋಡಿನ ಹಿಂಭಾಗದಲ್ಲಿ ಕೊಳವೆ ಒಮ್ಮೆ ಕೆಳಗಿಳಿದು, ಮೇಲೆದ್ದು, ಮತ್ತೆ ಇಳಿಯುತ್ತದೆ. ಆ ಡೊಂಕಿನಲ್ಲಿ ನೀರು ತುಂಬಿಕೊಂಡು, ಕೆಳಗಿನ ಗುಂಡಿಯ ಗಾಳಿ ಮೇಲೆ ಬರದಂತೆ ತಡೆಯುತ್ತದೆ. ಅಲೆಕ್ಸಾಂಡರ್ ಕಮಿಂಗ್ ಎಂಬ ಸ್ಕಾಟ್ಲೆಂಡಿನ ಗಡಿಯಾರ ತಯಾರಕ 1775ರಲ್ಲಿ ಇಂಥ ಡೊಂಕು ಕೊಳವೆಯಿರುವ ಫ್ಲಶ್ ಶೌಚಾಲಯಕ್ಕೆ ಪೇಟೆಂಟ್ ಪಡೆದ. ಎರಡೂವರೆ ಶತಮಾನ ಕಳೆದರೂ ಅದಕ್ಕಿಂತ ಸರಳವಾದ ಉಪಾಯ ಬಂದಿಲ್ಲ. ಸ್ಪ್ರಿಂಗ್ ಇಲ್ಲ, ಮುಚ್ಚಳ ಇಲ್ಲ, ಸವೆಯುವ ಭಾಗವೇ ಇಲ್ಲ.

ಆ ಬಾಗಿಲಿನ ಎತ್ತರ ಸಾಮಾನ್ಯವಾಗಿ 50 ಮಿಲಿಮೀಟರ್, ಅಂದರೆ ಸುಮಾರು ಮೂರು ಬೆರಳು. ಅಷ್ಟು ನೀರು ತಡೆದುಕೊಳ್ಳಬಲ್ಲ ಒತ್ತಡ ನಮ್ಮ ಸುತ್ತಲಿನ ವಾಯುಒತ್ತಡದ ಇನ್ನೂರರಲ್ಲಿ ಒಂದು ಪಾಲು ಮಾತ್ರ. ಇದೊಂದನ್ನು ನೆನಪಿಟ್ಟುಕೊಂಡರೆ ಶೌಚಾಲಯದ ಅರ್ಧಕ್ಕರ್ಧ ತೊಂದರೆಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ನಾವು ಕೊಳೆಯನ್ನು ಹುಡುಕುತ್ತೇವೆ. ಹೆಚ್ಚಿನ ಸಲ ತೊಂದರೆ ಇರುವುದು ಗಾಳಿಯಲ್ಲಿ.

ಕರಾವಳಿಯಲ್ಲಿ ಬೀಗ ಹಾಕಿದ ಮನೆಗಳಿಗೆ ಬರವಿಲ್ಲ. ಮಕ್ಕಳು ದುಬೈಯಲ್ಲೋ ಮುಂಬಯಿಯಲ್ಲೋ ಇರುತ್ತಾರೆ, ಮನೆ ವರ್ಷಕ್ಕೊಮ್ಮೆ ತೆರೆಯುತ್ತದೆ. ಹೊರಡುವ ದಿನ ಪ್ರತಿ ಕಮೋಡಿಗೂ ಪ್ರತಿ ನೆಲದ ಟ್ರ್ಯಾಪಿಗೂ ನೀರು ತುಂಬಿಸಿ, ಮೇಲೆ ಎರಡು ಚಮಚ ತೆಂಗಿನೆಣ್ಣೆ ಹಾಕಿ ಹೋಗಬೇಕು. ಎಣ್ಣೆ ನೀರಿನ ಮೇಲೆ ತೆಳುವಾಗಿ ಹರಡಿ ಆವಿಯಾಗುವುದನ್ನು ನಿಧಾನ ಮಾಡುತ್ತದೆ. ತೆಂಗಿನೆಣ್ಣೆಯೇ ಯಾಕೆಂದರೆ ಅದರಲ್ಲಿ ಹೆಚ್ಚಿನ ಪಾಲು ಪರ್ಯಾಪ್ತ ಕೊಬ್ಬು; ಬೇರೆ ಅಡುಗೆ ಎಣ್ಣೆಗಳಷ್ಟು ಬೇಗ ಕಮಟುವುದಿಲ್ಲ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಆದರೆ ನಮ್ಮೂರ ಸೆಕೆಯಲ್ಲಿ ಆ ಚಿಂತೆ ಜನವರಿಯ ಕೆಲವು ಬೆಳಗುಗಳಿಗಷ್ಟೇ.

ನೀರು ಒಣಗದೆಯೂ ಡೊಂಕಿನ ಈ ನೀರಿನ ಬೀಗ ಮುರಿಯಬಹುದು. ಫ್ಲಶ್ ಮಾಡಿದಾಗ ಪಕ್ಕದ ವಾಷ್ ಬೇಸಿನ್ ಅಥವಾ ಬಚ್ಚಲಿನ ಜಾಲರಿ ಗುಳುಗುಳು ಅನ್ನುವುದನ್ನು ಕೇಳಿದ್ದೀರಾ? ಕೊಳವೆಯಲ್ಲಿ ಒಮ್ಮೆಲೇ ಇಳಿಯುವ ನೀರು ಪಿಸ್ಟನ್ನಿನಂತೆ ತನ್ನ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಆ ಗಾಳಿ ಮಾಡಿನ ಮೇಲೆ ಚಾಚಿಕೊಂಡಿರುವ ವೆಂಟ್ ಪೈಪಿನಿಂದ ಬರಬೇಕು. ಆ ಪೈಪಿನ ಬಾಯಲ್ಲಿ ಹಕ್ಕಿ ಗೂಡು ಕಟ್ಟಿದ್ದರೆ, ಒಣಗಿದ ಎಲೆ ತುಂಬಿದ್ದರೆ, ಅಥವಾ ಮಾಡಿಗೆ ಶೀಟ್ ಹಾಕಿಸುವಾಗ ಕೆಲಸದವರು ಅದನ್ನು ಕತ್ತರಿಸಿ ಮುಚ್ಚಿಬಿಟ್ಟಿದ್ದರೆ, ಗಾಳಿ ಹತ್ತಿರದ ಟ್ರ್ಯಾಪಿನ ನೀರನ್ನು ಭೇದಿಸಿಕೊಂಡು ಬರುತ್ತದೆ. ಆ ಗುಳುಗುಳು ಬೀಗ ಮುರಿಯುವ ಸದ್ದು. ಮಳೆಗಾಲಕ್ಕೆ ಮೊದಲು ಮಾಡು ಗುಡಿಸಲು ಹತ್ತುವವರಿಗೆ ಆ ಪೈಪಿನ ಬಾಯಿಯನ್ನೂ ನೋಡಲು ಹೇಳಿ. ಬಾಯಿಗೊಂದು ಬಲೆ ಕಟ್ಟಿದರೆ ಸಾಕು.

ನೀರು ಇಳಿಯದಿದ್ದಾಗ ಮೊದಲು ಮಾಡಬೇಕಾದ್ದು ಇಷ್ಟು. ಉಳಿದ ಶೌಚಾಲಯ, ಬಚ್ಚಲುಗಳನ್ನು ನೋಡಿ. ಒಂದೇ ಕಮೋಡಿನಲ್ಲಿ ನೀರು ನಿಂತಿದ್ದರೆ ತಡೆ ಅಲ್ಲೇ ಡೊಂಕಿನಲ್ಲಿದೆ. ಎಲ್ಲ ಕಡೆಯೂ ನಿಧಾನವಾಗಿದ್ದರೆ ಹೊರಗಿನ ಚೇಂಬರಿನಲ್ಲಿ ಅಥವಾ ಸೆಪ್ಟಿಕ್ ಟ್ಯಾಂಕಿನಲ್ಲಿದೆ. ಹಾಗೆಯೇ ಫ್ಲಶ್ ದುರ್ಬಲ ಅನ್ನಿಸಿದರೆ ಅರ್ಧ ಬಕೆಟ್ ನೀರನ್ನು ಸೊಂಟದೆತ್ತರದಿಂದ ಒಮ್ಮೆಲೇ ಸುರಿಯಿರಿ. ಎಲ್ಲ ಸರಾಗವಾಗಿ ಹೋಯಿತೆಂದರೆ ಕೊಳವೆ ಚೆನ್ನಾಗಿದೆ, ದೋಷ ಫ್ಲಶ್ ಟ್ಯಾಂಕಿನದು. ಡೊಂಕಿನ ತಡೆಗೆ ರಬ್ಬರಿನ ಪ್ಲಂಜರ್ ಸಾಕಾಗುತ್ತದೆ. ರಬ್ಬರು ಮುಳುಗುವಷ್ಟು ನೀರು ಇರಲೇಬೇಕು, ಯಾಕೆಂದರೆ ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಬಲವನ್ನೆಲ್ಲ ಒತ್ತುವುದಕ್ಕೆ ಹಾಕುವವರೇ ಹೆಚ್ಚು, ಆದರೆ ಸಿಕ್ಕಿಕೊಂಡದ್ದು ಸಡಿಲವಾಗುವುದು ಜಗ್ಗಿ ಎಳೆದಾಗ.

ಈಗ ಫ್ಲಶ್ ಟ್ಯಾಂಕಿನ ಮಾತು. ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ತುಂಬೆ ಅಣೆಕಟ್ಟಿನಲ್ಲಿ ನೇತ್ರಾವತಿ ತಗ್ಗಿ ಸರದಿಯ ಮೇಲೆ ನೀರು ಬಿಟ್ಟ ಬೇಸಗೆಗಳನ್ನು ಮಂಗಳೂರಿನವರು ಕಂಡಿದ್ದೇವೆ. ಅಂಥ ದಿನಗಳಲ್ಲೂ ಸದ್ದಿಲ್ಲದೆ ನೀರು ಸೋರುತ್ತಲೇ ಇರುವುದು ಇಲ್ಲಿಂದ. ಕಮೋಡಿನ ಒಳಗೋಡೆಯಲ್ಲಿ ಕೂದಲೆಳೆಯಷ್ಟು ಸಣ್ಣ ಹರಿವು ಕಣ್ಣಿಗೆ ಬೀಳುವುದಿಲ್ಲ. ನಮ್ಮ ಮನೆಯಲ್ಲಿ ಸಂಶಯ ಬಂದು ಒಂದು ರಾತ್ರಿ ಟ್ಯಾಂಕಿನ ಮುಚ್ಚಳ ತೆಗೆದೆ, ಟ್ಯಾಂಕಿಗೆ ನೀರು ಬಿಡುವ ಗೋಡೆಯ ಆ್ಯಂಗಲ್ ವಾಲ್ವ್ ಮುಚ್ಚಿದೆ, ಟ್ಯಾಂಕಿನ ಒಳಮೈಯಲ್ಲಿ ನೀರಿನ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದೆ. ಒಂದು ಗಂಟೆ ಬಿಟ್ಟು ನೋಡಿದರೆ ನೀರು ಎರಡು ಸೆಂಟಿಮೀಟರ್ ಕೆಳಗಿತ್ತು. ಟ್ಯಾಂಕಿನ ಒಳ ಅಳತೆ 40 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ. ಗುಣಿಸಿದರೆ ಗಂಟೆಗೆ 1,200 ಮಿಲಿಲೀಟರ್, ದಿನಕ್ಕೆ ಸುಮಾರು 29 ಲೀಟರ್. ಎರಡು ಕೊಡ ನೀರು ಯಾರಿಗೂ ಉಪಯೋಗವಾಗದೆ ಹೋಗುತ್ತಿತ್ತು.

ತಳದಲ್ಲಿ ಫ್ಲಶ್ ವಾಲ್ವನ್ನು ಕಾಲು ಸುತ್ತು ತಿರುಗಿಸಿ ಎತ್ತಿದೆ. ಅದರಡಿಯ ರಬ್ಬರ್ ವಾಷರಿನ ಅಂಚಿನಲ್ಲಿ ಒಂದು ಕಡೆ ಕೆಂಪು ಮಣ್ಣಿನ ಲೋಳೆ ಅಂಟಿತ್ತು, ಬೆರಳಿಗೆ ಮರಳಿನ ಕಣ ತಾಗುತ್ತಿತ್ತು. ತೊಳೆದು ಮಗುಚಿ ಹಾಕಿದೆ. ಕೆಲವು ವಾರ ನಡೆಯಿತು, ಆಮೇಲೆ ಹೊಸ ವಾಷರ್ ತಂದೆ. ಬೆಳಿಗ್ಗೆ ನೋಡಿದಾಗ ನೀರು ಪೆನ್ಸಿಲ್ ಗೆರೆಯಲ್ಲೇ ನಿಂತಿತ್ತು. ಗೆರೆ ಎಳೆಯಲು ಕಷ್ಟವಾದರೆ ಟ್ಯಾಂಕಿಗೆ ಅಡುಗೆಯ ಬಣ್ಣದ ನಾಲ್ಕು ಹನಿ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಿ. ಕಮೋಡಿನ ನೀರಿಗೆ ಬಣ್ಣ ಬಂದರೆ ಸೋರಿಕೆ ಖಚಿತ. ನೀರು ತುಂಬಿಯೂ ನಿಲ್ಲದೆ ನಡುವಿನ ಕೊಳವೆಯ ಬಾಯಿಂದ ಒಳಗೆ ಹರಿಯುತ್ತಿದ್ದರೆ ಮಾತ್ರ ತಪ್ಪು ತೇಲುಬುರುಡೆಯದು: ಒಳಗೆ ನೀರು ಸೇರಿ ಭಾರವಾಗಿರಬಹುದು, ಇಲ್ಲವೇ ಅದರ ಸ್ಕ್ರೂ ತಗ್ಗಿಸಬೇಕಾಗಬಹುದು. ಟ್ಯಾಂಕ್ ತುಂಬಲು ಹೊತ್ತು ಹಿಡಿದರೆ ನೀರು ಒಳಬರುವ ವಾಲ್ವಿನ ಬಾಯಲ್ಲಿರುವ ಪುಟ್ಟ ಜಾಲರಿ ತೊಳೆಯಿರಿ.

ಆ್ಯಸಿಡ್ ಬಗ್ಗೆ ನನಗೆ ನಿಜವಾದ ಆತಂಕ ಇದೆ. ಯಾವ ತೊಂದರೆಗೂ ಮೊದಲು ಅದನ್ನೇ ಸುರಿಯುವ ರೂಢಿ ನಮ್ಮಲ್ಲಿ ಬೇರೂರಿದೆ. ಹೈಡ್ರೋಕ್ಲೋರಿಕ್ ಆಮ್ಲ ಗಡಸು ನೀರಿನ ಸುಣ್ಣದ ಪದರನ್ನು ಕರಗಿಸುತ್ತದೆ, ಆದರೆ ನಮ್ಮ ಮುರಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೆದು. ಬಟ್ಟೆಯ ತುಂಡನ್ನೋ ಸ್ಯಾನಿಟರಿ ಪ್ಯಾಡನ್ನೋ ಅದು ಕರಗಿಸುವುದಿಲ್ಲ. ಕಮೋಡಿನ ಬುಡದ ಸಿಮೆಂಟ್ ಸಂದನ್ನು ಮಾತ್ರ ತಿನ್ನುತ್ತದೆ, ಸೆಪ್ಟಿಕ್ ಟ್ಯಾಂಕಿನಲ್ಲಿ ನಮ್ಮ ಪರವಾಗಿ ದುಡಿಯುವ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಎಲ್ಲಕ್ಕಿಂತ ಅಪಾಯ, ಆ್ಯಸಿಡಿನ ಜೊತೆ ಬ್ಲೀಚಿಂಗ್ ಪೌಡರ್ ಸೇರಿಸುವುದು. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ. ಕಮೋಡ್ ತೊಳೆಯುವ ಹೆಚ್ಚಿನ ನೀಲಿ ದ್ರಾವಣಗಳಲ್ಲಿ ಇರುವುದೂ ಇದೇ ಆಮ್ಲ.

ನಮ್ಮ ಕಮೋಡುಗಳ ಕೆಂಗಂದು ಕಲೆ ಹೆಚ್ಚಾಗಿ ಕಬ್ಬಿಣದ್ದು. ಬಾವಿಯ ಆಳದಲ್ಲಿ ಕರಗಿದ್ದಾಗ ಅದಕ್ಕೆ ಬಣ್ಣವಿಲ್ಲ. ಗಾಳಿ ತಾಗಿದೊಡನೆ ತುಕ್ಕಾಗಿ ಕೂರುತ್ತದೆ. ಇದಕ್ಕೆ ಹಿತ್ತಿಲಿನ ಬಿಂಬುಳಿ ಸಾಕು. ಅದರ ಹುಳಿಯಲ್ಲಿರುವ ಆಕ್ಸಾಲಿಕ್ ಆಮ್ಲ ತುಕ್ಕಿನ ಕಬ್ಬಿಣವನ್ನು ಹಿಡಿದು ನೀರಿಗೆ ಬಿಡಿಸುತ್ತದೆ. ಹಣ್ಣನ್ನು ಜಜ್ಜಿ ಕಲೆಗೆ ಹಚ್ಚಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಬ್ರಷ್ ಹಾಕಿ. ಬಟ್ಟೆಯ ತುಕ್ಕಿನ ಕಲೆಗೆ ಅಜ್ಜಿಯಂದಿರು ಬಿಂಬುಳಿ ತಿಕ್ಕುತ್ತಿದ್ದುದೂ ಇದೇ ರಸಾಯನವಿಜ್ಞಾನ.

ಕೊನೆಗೆ ಜುಲೈ ತಿಂಗಳ ದೂರು: ಮಳೆ ಜೋರಾದಾಗ ಮನೆಯ ಎಲ್ಲ ಕಮೋಡುಗಳೂ ನಿಧಾನ. ವರ್ಷಕ್ಕೆ 3,500 ಮಿಲಿಮೀಟರ್ ದಾಟುವ ಮಳೆಯ ಬಹುಪಾಲು ಮೂರು ನಾಲ್ಕು ತಿಂಗಳಲ್ಲೇ ಸುರಿದಾಗ ಮುರಕಲ್ಲು ಸ್ಪಂಜಿನಂತೆ ನೆನೆದು, ಅಂತರ್ಜಲ ಸೆಪ್ಟಿಕ್ ಟ್ಯಾಂಕಿನ ನೀರನ್ನು ಇಂಗಿಸುವ ಇಂಗುಗುಂಡಿಯ ಮಟ್ಟಕ್ಕೇ ಏರುತ್ತದೆ. ಹೊರಗೇ ನೀರು ತುಂಬಿರುವಾಗ ಗುಂಡಿಯ ನೀರು ಇಂಗುವುದಾದರೂ ಎಲ್ಲಿಗೆ? ಆಗ ಹೂಳು ಹೀರುವ ಗಾಡಿ ಕರೆಸಿ ಖಾಲಿ ಮಾಡಿಸಿದರೆ ಗುಂಡಿ ದಿನಗಳಲ್ಲೇ ಮತ್ತೆ ತುಂಬುತ್ತದೆ, ದುಡ್ಡು ದಂಡ. ಹೂಳು ತೆಗೆಸುವ ಕೆಲಸ ಎರಡು ಮೂರು ವರ್ಷಕ್ಕೊಮ್ಮೆ ಬೇಸಗೆಯಲ್ಲಿ ಆಗಬೇಕು. ಮಳೆಯಲ್ಲಿ ಮಾಡಬಹುದಾದ್ದು, ಮಾಡಿನ ನೀರು ಇಂಗುಗುಂಡಿಯ ಕಡೆ ಹರಿಯದಂತೆ ತಿರುಗಿಸುವುದು, ಬಟ್ಟೆ ಒಗೆಯುವ ದಿನಗಳನ್ನು ಹಂಚಿಕೊಳ್ಳುವುದು.

ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಯಾರನ್ನೂ, ಎಷ್ಟೇ ದುಡ್ಡು ಕೊಟ್ಟರೂ, ಇಳಿಸಬೇಡಿ. 2013ರ ಕಾನೂನು ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಹಾಗೆ ಇಳಿಸುವುದನ್ನು ನಿಷೇಧಿಸಿದೆ. ಒಳಗಿನ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲೇ ಮಡುಗಟ್ಟಿರುತ್ತದೆ. ಹತ್ತು ಲಕ್ಷದಲ್ಲಿ ನೂರು ಭಾಗದಷ್ಟಾದರೆ ಅದು ಮೂಗಿನ ಶಕ್ತಿಯನ್ನೇ ಕೆಡಿಸುತ್ತದೆ. ವಾಸನೆ ಕಡಿಮೆಯಾಯಿತೆಂದು ಇಳಿದವನು ಬಿದ್ದಿರುತ್ತಾನೆ, ಅವನನ್ನು ಎತ್ತಲು ಹಾರಿದವನೂ ಬೀಳುತ್ತಾನೆ. ಗಾಡಿಯ ಪೈಪ್ ಒಳಗೆ ಹೋಗಲಿ, ಮನುಷ್ಯ ಮೇಲೆಯೇ ನಿಲ್ಲಲಿ. ಚಪ್ಪಡಿ ಮರಳಿ ಮುಚ್ಚುವವರೆಗೆ ಮಕ್ಕಳು ಅಂಗಳಕ್ಕೆ ಬರದ ಹಾಗೆ ನೋಡಿಕೊಳ್ಳಿ.