ಟ್ರಂಕಿನ ಫೋಟೋಗಳು: ಮೊದಲು ಹೆಸರು, ಆಮೇಲೆ ಸ್ಕ್ಯಾನರ್

ಅಜ್ಜಿ ಮನೆಯ ಅಟ್ಟದಿಂದ ಇಳಿಸಿದ ತಗಡಿನ ಟ್ರಂಕಿನಲ್ಲಿ 300ಕ್ಕೂ ಜಾಸ್ತಿ ಫೋಟೋಗಳಿದ್ದವು. ಮನೆ ಇರುವುದು ತೀರ್ಥಹಳ್ಳಿ ಕಡೆ. ಅಲ್ಲಿ ಮಳೆಗಾಲದಲ್ಲಿ ಡಬ್ಬಿಯೊಳಗಿನ ಹಪ್ಪಳವೇ ಮೆತ್ತಗಾಗುತ್ತದೆ, ಇನ್ನು ಫೋಟೋಗಳ ಪಾಡು ಕೇಳಬೇಡಿ. ಒಂದು ವರ್ಷದಿಂದ ಅವನ್ನು ಸರಿಪಡಿಸುತ್ತಾ, ಓದುತ್ತಾ ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನೀವೂ ಇಂಥದ್ದೇ ಟ್ರಂಕ್ ತೆರೆದು ಕೂತಿದ್ದರೆ, ನಾನು ಮಾಡಿದ ತಪ್ಪುಗಳನ್ನಾದರೂ ನೀವು ಮಾಡದಿರಬಹುದು.

ದೊಡ್ಡ ತಪ್ಪು ಮೊದಲ ವಾರವೇ ಆಯಿತು. ಸ್ಕ್ಯಾನರ್ ತಂದು ಎರಡು ಭಾನುವಾರ ಬೆನ್ನು ಬಗ್ಗಿಸಿ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದೆ. ಕೊನೆಗೆ ಕೈಗೆ ಸಿಕ್ಕಿದ್ದು ಬರೀ ನಂಬರುಗಳ ಫೈಲು. 147ನೇ ಫೋಟೋದಲ್ಲಿ ಕುರ್ಚಿ ಹಿಡಿದು ನಿಂತ ಹುಡುಗಿ ಯಾರು? ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಿರಬಹುದಾದವರು ಒಬ್ಬರೇ, ಅಜ್ಜಿಯ ತಂಗಿ. ಅವರಿಗೆ 87 ವರ್ಷ. ಕಪ್ಪು-ಬಿಳುಪು ಪ್ರಿಂಟು ಇನ್ನೂ 50 ವರ್ಷ ಕಾದೀತು. ಚಿಕ್ಕಜ್ಜಿಯ ನೆನಪು ಅಷ್ಟು ಕಾಯುವುದಿಲ್ಲ. ಹಾಗಾಗಿ ಸ್ಕ್ಯಾನರ್ ಪಕ್ಕಕ್ಕಿಟ್ಟು ಅವರ ಮುಂದೆ ಹೋಗಿ ಕೂತೆ.

ಹೆಸರು ಹಿಡಿಯುವುದು

ಒಂದು ಸಲಕ್ಕೆ 20 ಫೋಟೋ ಸಾಕು. ಅದಕ್ಕಿಂತ ಜಾಸ್ತಿಯಾದರೆ ಹಿರಿಯರಿಗೆ ಸುಸ್ತಾಗುತ್ತದೆ, ಆಮೇಲೆ ಎಲ್ಲದಕ್ಕೂ "ಹೂಂ, ಅವನೇ ಇರಬೇಕು" ಎನ್ನಲು ಶುರು ಮಾಡುತ್ತಾರೆ. ಪ್ರತಿ ಫೋಟೋಗೆ ಮೊದಲೇ ಒಂದು ನಂಬರ್ ಕೊಡಿ. ಫೋನಿನ ರೆಕಾರ್ಡರ್ ಆನ್ ಮಾಡಿ, ಫೋಟೋ ಕೈಗೆ ಕೊಡುವಾಗ ನಂಬರನ್ನು ಬಾಯಿಬಿಟ್ಟು ಹೇಳಿ. ಹೀಗೆ ಮಾಡಿದರೆ ಬರೆಯುತ್ತಾ ತಲೆ ತಗ್ಗಿಸಿ ಕೂರಬೇಕಾಗಿಲ್ಲ, ಧ್ವನಿಯೂ ಉಳಿಯುತ್ತದೆ.

"ಇದು ಯಾರು?" ಎಂದು ನೇರವಾಗಿ ಕೇಳಿದರೆ ಅರ್ಧ ಸಲ ಉತ್ತರ "ಗೊತ್ತಿಲ್ಲ ಮಗಾ" ಅಷ್ಟೇ. "ಇದು ಯಾರ ಮನೆ ಜಗಲಿ?" ಎಂದು ಕೇಳಿ ನೋಡಿ. "ಈ ಸೀರೆ ಯಾರದ್ದು?" ಎಂದು ಕೇಳಿ. ಸೀರೆಯ ಪ್ರಶ್ನೆಗೆ ಸಿಕ್ಕಷ್ಟು ಹೆಸರು ನನಗೆ ಬೇರೆ ಯಾವುದರಿಂದಲೂ ಸಿಗಲಿಲ್ಲ. ಒಂದೇ ಸೀರೆ ಮೂರು ಜನರ ಮೈಮೇಲೆ, ಮೂರು ಫೋಟೋಗಳಲ್ಲಿ ಇತ್ತು. ಸ್ಟುಡಿಯೋಗೆ ಹೋಗುವಾಗ ಅಕ್ಕತಂಗಿಯರು ಅದನ್ನೇ ಒಬ್ಬರಿಂದೊಬ್ಬರು ಇಸಕೊಳ್ಳುತ್ತಿದ್ದರಂತೆ. ಕುರ್ಚಿ ಹಿಡಿದ ಹುಡುಗಿ ಆ ಮೂವರಲ್ಲಿ ಕಿರಿಯವಳು.

ಹೆಸರು ಬರೆಯುವ ರೀತಿಯಲ್ಲೂ ಒಂದು ತೊಡಕಿದೆ. ನಮ್ಮಪ್ಪ ಒಂದು ಫೋಟೋದ ಹಿಂದೆ "ಅಮ್ಮ, 1962" ಎಂದು ಬರೆದಿದ್ದಾರೆ. ಯಾರ ಅಮ್ಮ? ಬರೆದದ್ದು ಅಪ್ಪ ಎಂದು ಗೊತ್ತಿರುವವರೆಗೆ ಸರಿ. ಇನ್ನೊಂದು ತಲೆಮಾರು ಕಳೆದರೆ ಆ ಅಮ್ಮ ಯಾರ ಅಮ್ಮನೂ ಆಗಬಹುದು. ದೊಡ್ಡಪ್ಪ, ಅತ್ತೆ, ಭಾವ ಎಲ್ಲವೂ ಹೀಗೆಯೇ, ಹೇಳುವವರು ಬದಲಾದರೆ ಅರ್ಥವೂ ಬದಲಾಗುತ್ತದೆ. ಅದರ ಮೇಲೆ ಅಜ್ಜನ ಹೆಸರನ್ನೇ ಮೊಮ್ಮಗನಿಗಿಡುವ ಪದ್ಧತಿ. ಎಷ್ಟೋ ಮನೆಗಳಲ್ಲಿ ಸೊಸೆಗೆ ಮದುವೆಯಲ್ಲಿ ಬೇರೆ ಹೆಸರೂ ಇಡುತ್ತಿದ್ದರು. ಅದಕ್ಕೇ ಪೂರ್ತಿ ಹೆಸರು, ಅಪ್ಪನ ಅಥವಾ ಗಂಡನ ಹೆಸರು, ಊರು ಇಲ್ಲವೇ ಮನೆತನ, ಕರೆಯುವ ಹೆಸರು, ಹೆಂಗಸರಾದರೆ ತವರಿನ ಹೆಸರು, ಇಷ್ಟನ್ನೂ ಬರೆಯಿರಿ. ಯಾರು ಗುರುತಿಸಿದರು, ಯಾವಾಗ ಎಂಬುದನ್ನೂ ಸೇರಿಸಿ. ಅನುಮಾನವಿದ್ದರೆ ಒಂದು ಪ್ರಶ್ನೆಚಿಹ್ನೆ ಹಾಕಿ, ನಾಚಿಕೆ ಬೇಡ.

ಮದುವೆಯ ಗುಂಪು ಫೋಟೋಗೆ ಬೇರೆ ಉಪಾಯ ಬೇಕು. ಕುರ್ಚಿಯ ಸಾಲು, ಹಿಂದೆ ನಿಂತವರ ಎರಡು ಸಾಲು, ಮುಂದೆ ಜಮಖಾನದ ಮೇಲೆ ಮಕ್ಕಳು, ಒಟ್ಟು 40 ತಲೆ. ಅದರ ಒಂದು ಪ್ರತಿಯನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ, ತಲೆಗಳ ಮೇಲೆಯೇ ನಂಬರ್ ಹಾಕಿ, ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಬರೆಯಿರಿ. "ಎಡದಿಂದ" ಎಂದರೆ ನೋಡುವವರ ಎಡವೋ, ನಿಂತವರ ಎಡವೋ ಎಂಬ ಜಗಳ ಅಲ್ಲಿಗೆ ಮುಗಿಯುತ್ತದೆ.

ಬಾಲ್‌ಪೆನ್ನಿನಲ್ಲಿ ಮಾತ್ರ ಬರೆಯಬೇಡಿ. ಒತ್ತಿ ಬರೆದರೆ ಮುಂಭಾಗದಲ್ಲಿ ಗೆರೆ ಎದ್ದು ಕಾಣುತ್ತದೆ, ಶಾಯಿಯೂ ಹರಡುತ್ತದೆ. ಹಳೆಯ ದಪ್ಪ ಕಾಗದದ ಪ್ರಿಂಟಾದರೆ ಹಿಂಬದಿಯ ಅಂಚಿನಲ್ಲಿ ಮೃದು ಪೆನ್ಸಿಲ್‌ನಿಂದ, 4ಬಿಯಂಥದ್ದು, ಹಗುರವಾಗಿ ಬರೆಯಬಹುದು. 1970ರ ಆಸುಪಾಸಿನಿಂದ ಬಂದ ಪ್ರಿಂಟುಗಳಿಗೆ ಎರಡೂ ಬದಿಗೆ ಪ್ಲಾಸ್ಟಿಕ್ ಲೇಪವಿರುತ್ತದೆ. ಅವುಗಳ ಹಿಂಬದಿಯಲ್ಲಿ ಸಾಮಾನ್ಯ ಪೆನ್ಸಿಲ್ ಹಿಡಿಯುವುದಿಲ್ಲ, ಜೆಲ್ ಪೆನ್ನಿನ ಶಾಯಿ ಪಕ್ಕದ ಫೋಟೋಗೆ ಅಂಟುತ್ತದೆ. ಅಂಥದ್ದಕ್ಕೆ ಕವರಿನ ಮೇಲೆ ಮೊದಲು ಬರೆದು, ಆಮೇಲೆ ಫೋಟೋ ಒಳಗೆ ಹಾಕಿ.

ಇಸವಿ ಪತ್ತೆ

ಇದು ಪತ್ತೇದಾರಿಕೆ, ನನಗೆ ಬಹಳ ಇಷ್ಟವಾದ ಭಾಗ. ಫೋಟೋದ ಹಿಂದೆ ಸ್ಟುಡಿಯೋದ ಮೊಹರು ಇದೆಯಾ ನೋಡಿ. ವಿಳಾಸದಲ್ಲಿ "ಮೈಸೂರು ರಾಜ್ಯ" ಎಂದಿದ್ದರೆ 1973ರ ನವೆಂಬರ್ 1ಕ್ಕಿಂತ ಹಿಂದಿನದು ಎನ್ನಬಹುದು, ಕರ್ನಾಟಕ ಎಂಬ ಹೆಸರು ಬಂದದ್ದು ಅಂದು. ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಹಳೇ ಮೊಹರನ್ನು ಸವೆಯುವವರೆಗೂ ಬಳಸುವ ಜನ ನಾವು, ಅದಕ್ಕೆ ನಾಲ್ಕೈದು ವರ್ಷದ ರಿಯಾಯಿತಿ ಕೊಡಿ. ಪಿನ್‌ಕೋಡಿನ ಸಾಕ್ಷಿ ಇದಕ್ಕಿಂತ ಗಟ್ಟಿ, ಇಲ್ಲದ ನಂಬರನ್ನು ಯಾರೂ ಮುಂಚೆಯೇ ಅಚ್ಚು ಹಾಕಿಸುವುದಿಲ್ಲ ಅಲ್ವಾ. ಸ್ಕೂಟರ್ ನಂಬರ್ "ಕೆಎ" ಎಂದು ಶುರುವಾದರೆ ಫೋಟೋ 1989ಕ್ಕಿಂತ ಹಿಂದಿನದಲ್ಲ.

ಚಿಕ್ಕ ಚೌಕದ ಕಪ್ಪು-ಬಿಳುಪು ಪ್ರಿಂಟುಗಳು ಕಂಡರೆ ಯಾರೋ ನೆಂಟರ ಅಗ್ಫಾ ಕ್ಲಿಕ್ 3 ಕ್ಯಾಮೆರಾ ನೆನಪಾಗಬೇಕು. ಅದಕ್ಕೆ ಹಾಕುವ 120 ಎಂಬ ಅಳತೆಯ ಫಿಲ್ಮ್ ರೋಲಿನಲ್ಲಿ 12 ಚೌಕ ಚಿತ್ರ ಬರುತ್ತಿದ್ದವು. ಒಂದೇ ದಿನದ, ಒಂದೇ ರೋಲಿನ 12 ಫೋಟೋಗಳು ಟ್ರಂಕಿನಲ್ಲಿ ಚದುರಿರುತ್ತವೆ. ಅವನ್ನು ಒಟ್ಟು ಮಾಡಿದರೆ ಒಂದಕ್ಕೆ ಇಸವಿ ಸಿಕ್ಕಿದರೂ ಉಳಿದ 11ಕ್ಕೂ ಸಿಕ್ಕಿದಂತೆ. ಮೂಲೆಯಲ್ಲಿ ಕಿತ್ತಳೆ ಬಣ್ಣದ ತಾರೀಖು ಮೂಡಿದ ತೊಂಬತ್ತರ ದಶಕದ ಫೋಟೋಗಳನ್ನು ಮಾತ್ರ ಸುಮ್ನೆ ನಂಬಬೇಡಿ. ಬ್ಯಾಟರಿ ಬದಲಿಸಿದ ಮೇಲೆ ತಾರೀಖು ಸರಿ ಮಾಡುವ ತಾಳ್ಮೆ ಯಾರಿಗಿತ್ತು? ನಮ್ಮ ಮನೆಯ ಒಂದು ದೀಪಾವಳಿ ಜನವರಿ 1ಕ್ಕೆ ಬಂದಿದೆ.

ಯಾವುದು ಬೇಗ ಹಾಳಾಗುತ್ತದೆ

ನಾನು ಅಂದುಕೊಂಡದ್ದು ತಲೆಕೆಳಗಾದದ್ದು ಇಲ್ಲಿ. ಮುತ್ತಜ್ಜನ ಫೋಟೋಗೇ ಅಪಾಯ ಜಾಸ್ತಿ ಎಂದುಕೊಂಡಿದ್ದೆ. ಆದರೆ ಮೊದಲು ಕೈ ಹಾಕಬೇಕಾದದ್ದು 1978ರ ಚಿಕ್ಕಪ್ಪನ ಮದುವೆಯ ಕಲರ್ ಆಲ್ಬಮ್ಮಿಗೆ.

ಕಪ್ಪು-ಬಿಳುಪು ಫೋಟೋದಲ್ಲಿ ಚಿತ್ರ ಆಗಿರುವುದು ಬೆಳ್ಳಿಯ ಸಣ್ಣ ಕಣಗಳಿಂದ. ಅವನ್ನು ಹಿಡಿದಿಟ್ಟಿರುವುದು ಜೆಲಾಟಿನ್ ಪದರ. ಚೆನ್ನಾಗಿ ತೊಳೆದ ಪ್ರಿಂಟು ನೂರು ವರ್ಷವಾದರೂ ಬಾಳುತ್ತದೆ. ಹಳದಿಯಾಗಿದ್ದರೆ ಬಹಳ ಸಲ ಡಾರ್ಕ್‌ರೂಮಿನಲ್ಲಿ ಹೈಪೋವನ್ನು, ಅಂದರೆ ಚಿತ್ರ ನಿಲ್ಲಿಸಲು ಬಳಸುವ ರಾಸಾಯನಿಕವನ್ನು, ಸರಿಯಾಗಿ ತೊಳೆಯದೆ ಬಿಟ್ಟದ್ದು ಕಾರಣ. ಕಪ್ಪು ಭಾಗಗಳನ್ನು ಓರೆಯಾಗಿ ನೋಡಿದಾಗ ನೀಲಿ ಕನ್ನಡಿಯಂತೆ ಹೊಳೆದರೆ, ತೇವಕ್ಕೂ ಕೆಟ್ಟ ಗಾಳಿಗೂ ಬೆಳ್ಳಿ ಮೇಲಕ್ಕೆ ಬಂದಿದೆ ಎಂದರ್ಥ. ಅದನ್ನು ಉಜ್ಜಬೇಡಿ.

ಕಲರ್ ಪ್ರಿಂಟಿನಲ್ಲಿ ಬೆಳ್ಳಿ ಉಳಿಯುವುದಿಲ್ಲ, ಮೂರು ಬಣ್ಣಗಳು ಮಾತ್ರ ಇರುತ್ತವೆ. ಆ ಬಣ್ಣಗಳು ಬೆಳಕಿಗೆ ಮಾಸುತ್ತವೆ, ಕತ್ತಲಲ್ಲಿ ಇಟ್ಟರೂ ಮಾಸುತ್ತವೆ. ಎಪ್ಪತ್ತರ ದಶಕದ ಎಷ್ಟೋ ಕಾಗದಗಳಲ್ಲಿ ನೀಲಿ-ಹಸಿರು ಬಣ್ಣ ಮೊದಲು ಹೋಗುತ್ತದೆ, ಉಳಿದದ್ದು ಕೆಂಪಗೆ ಕಾಣುತ್ತದೆ. ಮದುಮಗಳ ಹಸಿರು ಸೀರೆ ನಮ್ಮ ಆಲ್ಬಮ್ಮಿನಲ್ಲಿ ಈಗ ಇಟ್ಟಿಗೆ ಬಣ್ಣ. ಹೋದದ್ದು ಪ್ರಿಂಟಿಗೆ ವಾಪಸು ಬರುವುದಿಲ್ಲ. ಈಗಲೇ ಸ್ಕ್ಯಾನ್ ಮಾಡಿದರೆ ಕಂಪ್ಯೂಟರಿನಲ್ಲಿ ಸ್ವಲ್ಪ ಸರಿ ಮಾಡಬಹುದು.

ಆ ಆಲ್ಬಮ್ಮಿನದ್ದೇ ಇನ್ನೊಂದು ಕಾಟ ಅಂಟು. ದಪ್ಪ ಹಾಳೆ, ಅದರ ಮೇಲೆ ಅಂಟಿನ ಗೆರೆಗಳು, ಮೇಲೊಂದು ಪ್ಲಾಸ್ಟಿಕ್ ಹೊದಿಕೆ, ಎಲ್ಲರ ಮನೆಯಲ್ಲೂ ಇದ್ದದ್ದೇ. ಅಂಟು ವರ್ಷ ಹೋದಂತೆ ಗಟ್ಟಿಯಾಗುತ್ತದೆ ಇಲ್ಲವೇ ಫೋಟೋಗೆ ಇಳಿಯುತ್ತದೆ. ಉಗುರಿನಿಂದ ಎಬ್ಬಿಸಿದರೆ ಫೋಟೋ ಮಡಚಿ ಬಿರುಕು ಬಿಡುತ್ತದೆ. ಹಲ್ಲು ಶುಚಿ ಮಾಡುವ ಫ್ಲಾಸ್ ದಾರವನ್ನು ಒಂದು ಮೂಲೆಯ ಕೆಳಗೆ ತೂರಿಸಿ, ಗರಗಸ ಎಳೆದಂತೆ ನಿಧಾನವಾಗಿ ಆಚೀಚೆ ಎಳೆಯುತ್ತಾ ಹೋಗಿ. ಬರಲಿಲ್ಲವೇ, ಬಿಟ್ಟುಬಿಡಿ. ಹಾಳೆ ಸಮೇತ ಸ್ಕ್ಯಾನ್ ಮಾಡಿ.

ಲ್ಯಾಮಿನೇಶನ್ ಬೇಡವೇ ಬೇಡ. "ಗಟ್ಟಿಯಾಗಿರಲಿ" ಎಂದು ಪೇಟೆಯ ಒಂದು ಸ್ಟುಡಿಯೋದವರು ನಮ್ಮ ಎರಡು ಫೋಟೋಗಳನ್ನು ಕೇಳದೆಯೇ ಲ್ಯಾಮಿನೇಟ್ ಮಾಡಿಕೊಟ್ಟರು. ಬಿಸಿ, ಅಂಟು, ಪ್ಲಾಸ್ಟಿಕ್ ಮೂರೂ ಒಟ್ಟಿಗೆ ಬಿದ್ದ ಮೇಲೆ ಅದನ್ನು ಬಿಡಿಸಲು ದಾರಿಯಿಲ್ಲ.

ಗೋಡೆಯ ಮೇಲಿನ ಹಿರಿಯರು

ನಡುಮನೆಯಲ್ಲಿ ಸಾಲಾಗಿ ತೂಗುವ ಚೌಕಟ್ಟುಗಳದ್ದು ಬೇರೆಯೇ ಕಥೆ. ಗಾಜಿಗೆ ನೇರವಾಗಿ ತಾಗಿದ ಫೋಟೋ ಮಳೆಗಾಲದಲ್ಲಿ ತೇವ ಹೀರಿ ಜೆಲಾಟಿನ್ ಅಂಟಾಗಿ ಗಾಜಿಗೆ ಹಿಡಿದುಬಿಡುತ್ತದೆ. ಎಳೆದರೆ ಮುಖವೇ ಕಿತ್ತು ಬರುತ್ತದೆ. ಹಾಗೆ ಅಂಟಿದ್ದರೆ ಗಾಜು ಸಮೇತ ಚಿತ್ರ ತೆಗೆಯಿರಿ, ಬೆಳಕು ಪಕ್ಕದ ಕಿಟಕಿಯಿಂದ ಬರಲಿ, ನಿಮ್ಮ ಹಿಂದೆ ಕಪ್ಪು ಬಟ್ಟೆ ಇರಲಿ. ಮರುಚೌಕಟ್ಟು ಹಾಕಿಸುವಾಗ ಗಾಜಿಗೂ ಫೋಟೋಗೂ ನಡುವೆ ದಪ್ಪ ಕಾಗದದ ಅಂಚು ಕೊಡಲು ಹೇಳಿ. ಹಿಂದೆ ಹಾಕುವ ಅಗ್ಗದ ರಟ್ಟು ಮತ್ತು ಪ್ಲೈವುಡ್ಡಿನ ಆಮ್ಲ ಫೋಟೋಗೆ ಇಳಿಯುತ್ತದೆ. ಗೆದ್ದಲೂ ಅಲ್ಲಿಂದಲೇ ಬರುತ್ತದೆ.

ಗಾಜಿನ ಮೇಲೆ ಗಂಧ, ಕುಂಕುಮ ಇಡುವಾಗ ಒದ್ದೆ ಅಂಚಿನಿಂದ ಒಳಗೆ ಇಳಿಯುತ್ತದೆ. ಅದಕ್ಕೆ ಒಳ್ಳೆಯ ಪ್ರತಿ ಮಾಡಿಸಿ ಗೋಡೆಗೆ ತೂಗಿ, ಮೂಲವನ್ನು ಒಳಗಿಡುವುದು ವಾಸಿ. ಪ್ರತಿಗೆ ಹೂ ಮುಡಿಸಬಹುದಾ ಎಂದು ಮನೆಯಲ್ಲಿ ಚರ್ಚೆಯಾಯಿತು. "ದೇವರ ಫೋಟೋನೂ ಪ್ರತಿಯೇ ಅಲ್ವಾ" ಎಂದು ಚಿಕ್ಕಜ್ಜಿ ಮುಗಿಸಿದರು.

ಎಲ್ಲಿಡುವುದು

ಗಾಳಿಯ ತೇವ 30ರಿಂದ 50 ಶೇಕಡಾ ಇದ್ದರೆ ಒಳ್ಳೆಯದು ಎನ್ನುತ್ತವೆ ಪುಸ್ತಕಗಳು. 65 ದಾಟಿದರೆ ಬೂಷ್ಟು ಬರುವ ಭಯ. ಮಲೆನಾಡು, ಕರಾವಳಿಯ ಜೂನ್-ಜುಲೈನಲ್ಲಿ 90ರ ಹತ್ತಿರ ಇರುತ್ತದೆ. ಪುಸ್ತಕದ ಲೆಕ್ಕ ನಮಗೆ ಹೊಂದುವುದಿಲ್ಲ, ಆದಷ್ಟು ಹತ್ತಿರ ಹೋಗಬೇಕು ಅಷ್ಟೇ. ಅಟ್ಟ ಬೇಡ, ಹೊರಗೋಡೆಗೆ ತಾಗಿದ ಕಪಾಟು ಬೇಡ, ನೆಲ ಬೇಡ. ಒಳಕೋಣೆಯ ಕಪಾಟಿನ ನಡುವಿನ ಅರೆ ಇರಲಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟು, ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡಿ. ಡಬ್ಬಿ ಮುಚ್ಚುವುದು ಬೇಸಿಗೆಯ ಒಣ ದಿನವೇ ಆಗಲಿ, ಮಳೆಯಲ್ಲಿ ಮುಚ್ಚಿದರೆ ತೇವವನ್ನೇ ಕೂಡಿಟ್ಟಂತೆ. ನುಸಿಗುಳಿಗೆ ಹಾಕಬೇಡಿ, ಅದರ ಆವಿ ಒಳ್ಳೆಯದಲ್ಲ.

ಕವರು ಕೊಳ್ಳುವಾಗ ಮೂಸಿ ನೋಡಿ. ಹೊಸ ರೇನ್‌ಕೋಟಿನ ವಾಸನೆ ಬಂದರೆ ಪಿವಿಸಿ, ಅದು ವರ್ಷ ಕಳೆದಂತೆ ಆಮ್ಲ ಬಿಡುತ್ತದೆ. ಪಾಲಿಪ್ರೊಪಿಲೀನ್, ಪಾಲಿಯೆಸ್ಟರ್ ಪರವಾಗಿಲ್ಲ. ನೆಗೆಟಿವ್‌ಗಳನ್ನು ಎಸೆಯಬೇಡಿ. ಅವುಗಳಲ್ಲಿ ಪ್ರಿಂಟಿಗಿಂತ ಜಾಸ್ತಿ ವಿವರ ಇರುತ್ತದೆ. ವಿನೆಗರ್ ವಾಸನೆ ಬಂದ ನೆಗೆಟಿವ್‌ಗಳನ್ನು ಮಾತ್ರ ಬೇರೆ ಮಾಡಿ, ಒಂದರ ಆಮ್ಲ ಇನ್ನೊಂದನ್ನು ಕೆಡಿಸುತ್ತದೆ.

ನೆರೆನೀರು ಹೊಕ್ಕರೆ? 2018ರಲ್ಲಿ ಕೊಡಗು, 2019ರಲ್ಲಿ ಉತ್ತರ ಕರ್ನಾಟಕ ಇದನ್ನು ಕಂಡಿವೆ. ಒದ್ದೆ ಫೋಟೋಗಳು ಒಂದಕ್ಕೊಂದು ಅಂಟಿ ಒಣಗಲು ಬಿಡಬಾರದು. ತಣ್ಣನೆಯ ಶುದ್ಧ ನೀರಲ್ಲಿ ಮೆಲ್ಲಗೆ ಬಿಡಿಸಿ, ಚಿತ್ರ ಮೇಲೆ ಬರುವಂತೆ ನೆರಳಲ್ಲಿ ಹರಡಿ. ಎರಡು ದಿನದೊಳಗೆ ಆಗದಿದ್ದರೆ ಫ್ರೀಜರಿಗೆ ಹಾಕಿ, ಆಮೇಲೆ ಸ್ವಲ್ಪಸ್ವಲ್ಪವೇ ತೆಗೆದು ಮಾಡಬಹುದು.

ಈಗ ಸ್ಕ್ಯಾನರ್

4 ಇಂಚು x 6 ಇಂಚಿನ ಪ್ರಿಂಟಿಗೆ 600 ಡಿಪಿಐ, ಅಂದರೆ ಇಂಚಿಗೆ 600 ಚುಕ್ಕೆ, ಸಾಕು. 2400 x 3600 ಚುಕ್ಕೆ, ಅಂದರೆ 86 ಲಕ್ಷ. ಗುಣಮಟ್ಟ ಕಳೆಯದ ಟಿಫ್ ಫೈಲ್ ಆಗಿ ಉಳಿಸಿದರೆ ಒಂದಕ್ಕೆ ಸುಮಾರು 26 ಎಂಬಿ. ಪಾಸ್‌ಪೋರ್ಟ್ ಸೈಜಿನದಕ್ಕೆ 1200 ಇಡಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಮೊಹರು, ಕೈಬರಹ ಎಲ್ಲ ಅಲ್ಲೇ ಇರುವುದು. ಮೂಲ ಟಿಫ್ ಮುಟ್ಟಬೇಡಿ, ತಿದ್ದುವುದೆಲ್ಲ ಪ್ರತಿಯಲ್ಲಿ.

ಫೈಲಿನ ಹೆಸರು ಇಸವಿಯಿಂದ ಶುರುವಾಗಲಿ: 1968-05_ತೀರ್ಥಹಳ್ಳಿ_ಮದುವೆ_047. ಕನ್ನಡ ಲಿಪಿ ನಡೆಯುತ್ತದೆ, ಅಂಕಿ ಮಾತ್ರ ಎಲ್ಲದರಲ್ಲೂ ಒಂದೇ ಬಗೆಯದಿರಲಿ. ಬರೆಯುವುದೆಲ್ಲ ಯೂನಿಕೋಡಿನಲ್ಲಿ, ಅಂದರೆ ಎಲ್ಲ ಕಂಪ್ಯೂಟರು, ಫೋನುಗಳಿಗೂ ಅರ್ಥವಾಗುವ ಅಕ್ಷರ ವ್ಯವಸ್ಥೆಯಲ್ಲಿ, ಬರೆಯಿರಿ. ನಮ್ಮ ಮಾವ ಇಪ್ಪತ್ತು ವರ್ಷದ ಹಿಂದೆ ವಂಶದ ಪಟ್ಟಿಯನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ದರು. ಈಗ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಕನ್ವರ್ಟರ್ ಹುಡುಕಿ ಬಿಡಿಸಿಕೊಳ್ಳಲು ಒಂದು ದಿನ ಹಿಡಿಯಿತು. ಹೆಸರುಗಳನ್ನು ಫೈಲಿನೊಳಗಿನ ವಿವರದ ಜಾಗದಲ್ಲೂ ತುಂಬಿಸಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಆ ವಿವರ ಅಳಿಸಿಹೋಗುತ್ತದೆ, ಚಿತ್ರವೂ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ. ನಮ್ಮದು ಒಂದು ಡಿಸ್ಕ್ ಬೆಂಗಳೂರಿನಲ್ಲಿ, ಒಂದು ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗಳ ಹತ್ತಿರ, ಒಂದು ಕ್ಲೌಡಿನಲ್ಲಿ. ಗೂಗಲ್ ಫೋಟೋಸ್‌ನ ಲೆಕ್ಕವಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಮುಗಿಯಿತು, ಈಗ 15 ಜಿಬಿ. ಎರಡು ವರ್ಷ ಬಳಸದ ಖಾತೆಯನ್ನು ಅವರು ಅಳಿಸಬಹುದು. ನಾವಿಲ್ಲದಾಗ ಖಾತೆ ಯಾರ ಕೈಗೆ ಹೋಗಬೇಕು ಎಂದು ಈಗಲೇ ಸೆಟ್ಟಿಂಗ್‌ನಲ್ಲಿ ಹೇಳಿಡಬಹುದು. ನಾನು ಅಕ್ಕನ ಮಗಳ ಹೆಸರು ಕೊಟ್ಟಿದ್ದೇನೆ.

ಇಷ್ಟಾದರೂ 38 ಫೋಟೋಗಳು "ಗೊತ್ತಿಲ್ಲ" ಎಂಬ ಕವರಿನಲ್ಲಿ ಉಳಿದವು. ಹೋದ ವೈಶಾಖದಲ್ಲಿ ನೆಂಟರ ಮದುವೆಗೆ ಅವುಗಳ ಪ್ರತಿಗಳನ್ನು ತೆಗೆದುಕೊಂಡು ಹೋಗಿ, ಊಟದ ಹಾಲಿನ ಪಕ್ಕ ಒಂದು ಮೇಜಿನ ಮೇಲೆ ಹರಡಿದೆ. ಮೂಲ ಒಯ್ಯಲಿಲ್ಲ, ಪಾಯಸದ ಕೈಗಳು ಬರುತ್ತವೆ ಎಂದು ಗೊತ್ತಿತ್ತು. ಸಂಜೆಯೊಳಗೆ 11ಕ್ಕೆ ಹೆಸರು ಸಿಕ್ಕಿತು. ಒಂದಕ್ಕೆ ಮಾತ್ರ ಇಬ್ಬರು ಎರಡು ಹೆಸರು ಹೇಳಿದರು, ಇಬ್ಬರೂ ಬಿಟ್ಟುಕೊಡಲಿಲ್ಲ. ಎರಡನ್ನೂ ಬರೆದಿದ್ದೇನೆ, ಪ್ರಶ್ನೆಚಿಹ್ನೆ ಸಮೇತ.